ಕಾಗೆ ಎಂಜಲು

ಬೆಟ್ಟದಪುರ
18 ಜೂನ್ 2024

ನೋರ್ಬುಗೆ,

ನಮ್ಮ ಡಬ್ಬಿ ಎಲ್ಲಿ?

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದಕ್ಕೆ ಉತ್ತರ ಹೇಳು. ನೀನು ಹೋದ ವರ್ಷ ಮಗಳ ಮನೆಗೆ ಅಂತ ಕೆನಡಾಕ್ಕೆ ಹೊರಟ ದಿನ ನಮ್ಮ ಲಕ್ಷ್ಮಿದೇವಿ ಒಬ್ಬಟ್ಟು ತುಂಬಿ ಕೊಟ್ಟಳಲ್ಲ, ಮುಚ್ಚಳದ ಮೇಲೆ ಅವಳ ತವರಿನವರ ಹೆಸರು ಕೊರೆದಿರುವ ಸ್ಟೀಲ್ ಡಬ್ಬಿ, ಅದು. ಒಬ್ಬಟ್ಟು ವಿಮಾನ ಹತ್ತುವ ಮೊದಲೇ ಖಾಲಿಯಾಗಿರುತ್ತೆ, ನಿನ್ನ ಹೊಟ್ಟೆ ನನಗೆ ಗೊತ್ತು. ಡಬ್ಬಿಯನ್ನೂ ನುಂಗಿದೆಯಾ? ಇವಳು ದಿನಾ ಬೆಳಗ್ಗೆ ಒಲೆ ಮುಂದೆ ನಿಂತು, "ನಿಮ್ ಸ್ನೇಯಿತ್ರು ಡಬ್ಬಿ ಒತ್ಕೊಂಡು ದೇಸಾನೇ ಬುಟ್ರು ಕಣ್ರೀ" ಅಂತಾಳೆ. ಹೊತ್ತುಕೊಂಡು ಹೋದವನು ನೀನು, ಕೇಳಿಸಿಕೊಳ್ಳುವವನು ನಾನು.

ಬಸಪ್ಪ ಫೋನಿಗೆ ಯಾಕೆ ಬರಲ್ಲ ಅಂತ ನನ್ನ ಮೊಮ್ಮಗಳು ಶಿವಾನಿಯನ್ನು ಕೇಳಿದೆಯಂತೆ. ಬರಲ್ಲ. ಆ ಫೋನಿನಲ್ಲಿ ನಿನ್ನ ಜೊತೆ ಜಗಳ ಆಡಕ್ಕೆ ಆಗಲ್ಲ. ನಾನು ಬೈದದ್ದು ನಿನಗೆ ತಲುಪುವ ಹೊತ್ತಿಗೆ ನೀನು ಇನ್ನೇನಕ್ಕೋ ನಗುತ್ತಾ ಇರುತ್ತೀಯ. ಮಧ್ಯೆ ನಿನ್ನ ಮುಖ ಬಾಯಿ ತೆರೆದುಕೊಂಡು ಕಲ್ಲಾಗಿ ನಿಂತುಬಿಡುತ್ತೆ. ಕಾಗದದಲ್ಲಾದರೆ ಬೈಗುಳ ಪೂರ್ತಿ ಹೋಗಿ ಸೇರುತ್ತೆ. ಓದಕ್ಕೆ ಕಷ್ಟ ಅಂತ ನೆಪ ಹೇಳಬೇಡ. ನಾಲ್ಕನೇ ಕ್ಲಾಸಿಗೆ ನಾನು ಸ್ಕೂಲು ಬಿಟ್ಟಾಗ ನನ್ನ ಪುಸ್ತಕ ಚೀಲದ ಸಮೇತ ತೆಗೆದುಕೊಂಡವನು ನೀನು. ನಮ್ಮ ಸೋದರಮಾವನ ಜೋಳದ ಹೊಲ ನಿಮ್ಮ ಬೈಲಕುಪ್ಪೆ ಕ್ಯಾಂಪಿನ ಬೇಲಿಗೇ ಅಂಟಿತ್ತು. ಅಟ್ಟಣೆ ಮೇಲೆ ಕೂತು ಗಿಣಿ ಓಡಿಸುತ್ತಾ ನಿನಗೆ ಅಕ್ಷರ ತಿದ್ದಿಸಿದವನು ನಾನು. ಟಿಬೆಟ್ಟಿನ ಹುಡುಗನಿಗೆ ಕನ್ನಡ ಕಲಿಸಿದ ಮೇಷ್ಟ್ರು ಅಂತ ನನಗೆ ಯಾರೂ ಶಾಲು ಹೊದಿಸಲಿಲ್ಲ, ಬಿಡು.

ಹೊಗೆಸೊಪ್ಪಿನ ಸಸಿ ನೆಟ್ಟಾಯಿತು. ನಿನ್ನ ಟ್ರಾಕ್ಟರ್ ಇಲ್ಲವಲ್ಲ, ಪಿರಿಯಾಪಟ್ಟಣದಿಂದ ಒಬ್ಬನನ್ನು ಕರೆಸಿದೆ. ಕಿವಿಗೆ ಅದೇನೋ ಸಿಕ್ಕಿಸಿಕೊಂಡು ಉಳುತ್ತಾನೆ. ಬದುವಿನ ಮೇಲೆ ನಿಂತು ನಾನು ಎಷ್ಟು ಕೂಗಿದರೂ ಕೇಳಲ್ಲ. ನೀನು ಕೊನೇಪಕ್ಷ ಗಾಡಿ ನಿಲ್ಲಿಸಿ ತಿರುಗಿ ಬೈಯುತ್ತಿದ್ದೆ. ಸಾಲು ಸೊಟ್ಟ ಬಂದಿದೆ.

ಡಬ್ಬಿ ಕಳಿಸು.

ಚಿಕ್ಕಬಸಪ್ಪ


ಟೊರಾಂಟೊ
14 ಜುಲೈ 2024

ಪ್ರೀತಿಯ ಬಸಪ್ಪ,

ನಿನ್ನ ಕಾಗದ ಓದುತ್ತಾ ಒಬ್ಬನೇ ನಗುತ್ತಿದ್ದೆ. ಮಗಳು ಡೋಲ್ಕರ್ ಏನು ಒಳ್ಳೆಯ ಸುದ್ದಿ ಅಂತ ಕೇಳಿದಳು. ಬೈಯಿಸಿಕೊಳ್ಳುತ್ತಾ ಇದ್ದೇನೆ ಅಂದೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಡೋಲ್ಕರ್ ವಯಸ್ಸಾದವರ ಒಂದು ಹಾಸ್ಟೆಲಿನಲ್ಲಿ ಅಡುಗೆ ನೋಡಿಕೊಳ್ಳುತ್ತಾಳೆ. ಮೊಮ್ಮಗನನ್ನು ಸ್ಕೂಲಿಗೆ ಬಿಟ್ಟು ಕರೆದುಕೊಂಡು ಬರುವುದು ನನ್ನ ಕೆಲಸ. ಮಂಗಳವಾರ ಲೈಬ್ರರಿಯಲ್ಲಿ ನಮ್ಮಂಥ ಮುದುಕರಿಗೆ ಇಂಗ್ಲಿಷ್ ಕ್ಲಾಸು. ಟೀಚರ್ ಹೆಲೆನ್ ಒಳ್ಳೆಯ ಹೆಂಗಸು. ತಪ್ಪು ಹೇಳಿದರೆ ಮೊದಲು ಹೊಗಳುತ್ತಾಳೆ, ಆಮೇಲೆ ತಿದ್ದುತ್ತಾಳೆ. ಅಟ್ಟಣೆ ಮೇಲಿನ ಮೇಷ್ಟ್ರ ಹಾಗೆ ತಲೆಗೆ ಮೊಟಕುವುದಿಲ್ಲ. ಕ್ಲಾಸಿನಲ್ಲಿ ನಾನೂ ಎಲ್ಲರ ಹಾಗೆ ಮಾತಾಡುತ್ತೇನೆ.

ಈಗ ನಿನ್ನಿಂದ ಒಂದು ಉಪಕಾರ ಆಗಬೇಕು. ಡಿಸೆಂಬರಿನಲ್ಲಿ ಕ್ಲಾಸಿನ ಕೊನೆಯ ದಿನ. ಅವತ್ತು ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಊರಿನ ಒಂದು ಮಾತು ಹೇಳಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಸಮನಾದ ಮಾತು ಇರಬಾರದು. ಆದರೆ ಅದನ್ನು ಇಂಗ್ಲಿಷಿನಲ್ಲೇ ಬಿಡಿಸಿ ಹೇಳಬೇಕು. ಉಪ್ಪು ಬೆಳೆಯದ ಊರಿನಲ್ಲಿ ನಿಂತು ಉಪ್ಪಿನ ರುಚಿ ಹೇಳಿದ ಹಾಗೆ. ಫಿಲಿಪ್ಪೀನ್ಸಿನ ಲೂಸ್ ಅನ್ನುವ ಹೆಂಗಸು ಈಗಲೇ ಸಿದ್ಧವಾಗಿದ್ದಾಳೆ. ಅವಳ ಮಾತು 'ತಾಂಪೊ'. ತನ್ನವರು ಮನಸ್ಸು ನೋಯಿಸಿದರೆ ಜಗಳ ಆಡದೆ, ಬಾಯಿ ಬಿಡದೆ, ಬಂದು ಸಮಾಧಾನ ಮಾಡಲಿ ಅಂತ ದೂರ ಕೂರುವುದಂತೆ. ಇರಾನಿನ ಒಬ್ಬ ಕ್ಷೌರಿಕ ಇದ್ದಾನೆ. ಅವನದು 'ತಾರೂಫ್'. ಕೊಡುವವನು ತಗೋ ತಗೋ ಅನ್ನಬೇಕು, ತೆಗೆದುಕೊಳ್ಳುವವನು ಆಸೆ ಇದ್ದರೂ ಬೇಡ ಬೇಡ ಅನ್ನಬೇಕು, ಅದು ಮರ್ಯಾದೆ.

ನನಗೆ ಒಂದು ಕನ್ನಡದ ಮಾತು ಬೇಕು. ಟಿಬೆಟ್ಟಿನ ಮಾತು ಹೇಳಕ್ಕೆ ಕ್ಲಾಸಿನಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ. ಅದಕ್ಕಲ್ಲ. ಇಲ್ಲಿಗೆ ಬಂದ ಮೇಲೆ ಒಂದು ವಿಷಯ ಗೊತ್ತಾಯಿತು. ಪ್ರಾರ್ಥನೆ ಮಾಡುವಾಗ ನನಗೆ ಒಳಗೆ ಬರುವುದು ಟಿಬೆಟ್ಟಿನ ಮಾತು. ಕಾಲು ಜಾರಿ ಬಿದ್ದಾಗ ಬರುವುದು ಕನ್ನಡ. ಇಲ್ಲಿ ಮಂಜಿನ ಮೇಲೆ ಬಹಳ ಸಲ ಬಿದ್ದೆ.

ಯೋಚನೆ ಮಾಡಿ ಬರಿ. ಲಕ್ಷ್ಮಿದೇವಕ್ಕನಿಗೆ ನನ್ನ ನಮಸ್ಕಾರ.

ನೋರ್ಬು


ಬೆಟ್ಟದಪುರ
11 ಆಗಸ್ಟ್ 2024

ನೋರ್ಬುಗೆ,

ಎರಡು ಪುಟ ಬರೆದಿದ್ದೀಯ. ಇರಾನಿನ ಕ್ಷೌರಿಕನ ವಿಷಯ ಇದೆ. ಡಬ್ಬಿ ವಿಷಯ ಒಂದು ಸಾಲು ಇಲ್ಲ. ಇವಳಿಗೆ ನಿನ್ನ ನಮಸ್ಕಾರ ಹೇಳಿದೆ. "ನಮಸ್ಕಾರ್ದಲ್ಲಿ ಬೇಳೆ ತುಂಬಿಡಕಾಯ್ತದಾ?" ಅಂದಳು.

ಆ ಫಿಲಿಪ್ಪೀನ್ಸಿನ ಹೆಂಗಸಿಗೆ ಹೇಳು, ಅವಳ ತಾಂಪೊ ನಮ್ಮ ಮುನಿಸು. ಸಿಟ್ಟು ಯಾರ ಮೇಲಾದರೂ ಬರುತ್ತೆ, ಬಸ್ ಕಂಡಕ್ಟರ್ ಮೇಲೂ ಬರುತ್ತೆ. ಮುನಿಸು ಹಾಗಲ್ಲ. ಅದಕ್ಕೆ ಎದುರಿಗೆ ತನ್ನವರು ಬೇಕು. ಸಿಟ್ಟಿನ ವಿಷಯದಲ್ಲಿ ನನ್ನನ್ನು ಕೇಳದೆ ಯಾರೂ ಪಾಠ ಮಾಡಬಾರದು. ಆ ತಾರೂಫ್ ಅನ್ನುವುದೂ ನಮ್ಮಲ್ಲಿ ಬೇಕಾದಷ್ಟಿದೆ. ಬೇಡ ಬೇಡ ಅಂತ ತಟ್ಟೆಯನ್ನು ಮುಂದಕ್ಕೆ ತಳ್ಳುವುದು. ನಮ್ಮ ತಾಲ್ಲೂಕಿನಲ್ಲಿ ಮದುವೆ ಊಟವೆಲ್ಲ ಅದರ ಮೇಲೇ ನಡೆಯುವುದು.

ನಿನಗೆ ಮಾತು ಹುಡುಕಲು ಹೋಗಿ ಬಸ್ ಸ್ಟ್ಯಾಂಡಿನ ಸಿದ್ದರಾಜುವಿನ ಟೀ ಅಂಗಡಿಯಲ್ಲಿ ದೊಡ್ಡ ಗಲಾಟೆ ಆಯಿತು. ಸಣ್ಣಬೀರಯ್ಯ ಹೇಳಿದ, "ಬೀಗ್ರು ಅಂತ ಬರಿಲಾ. ಇಂಗ್ಲೀಸ್ನೋರ್ಗೆ ಬೀಗ್ರೇ ಇಲ್ವಂತೆ."

"ಬೀಗ್ರಿಲ್ದೆ ಮದ್ವೆ ಎಂಗ್ಲಾ ಮಾಡ್ತಾರೆ?" ಅಂದೆ.

"ಅದ್ಕೇ ಕಣ್ಲಾ ನೆಮ್ದಿಯಾಗವ್ರೆ."

ಸಿದ್ದರಾಜು ಒಗ್ಗರಣೆ ಅಂದ. ಇನ್ನೊಬ್ಬ ತವರು ಅಂದ. ಅದಕ್ಕೆ ಮತ್ತೊಬ್ಬ, ಗಂಡಸು ಹೋಗಿ ತವರಿನ ಮಾತು ಆಡಿದರೆ ನಗುತ್ತಾರೆ ಅಂದ. ನನಗೆ ರೇಗಿ ಅರ್ಧ ಟೀ ಬಿಟ್ಟು ಎದ್ದೆ. "ಎಂಜ್ಲು ಟೀ ಯಾರ್ಗ್ಲಾ ಬುಟ್ಟೋಯ್ತಿಯೆ?" ಅಂತ ಸಣ್ಣಬೀರಯ್ಯ ಹಿಂದಿನಿಂದ ಕೂಗಿದ.

ಅಲ್ಲೇ ನಿಂತೆ. ಮಾತು ಸಿಕ್ಕಿತು.

ಮನೆಗೆ ಬಂದು ಶಿವಾನಿಯನ್ನು ಕೇಳಿದೆ, ಎಂಜಲಿಗೆ ಇಂಗ್ಲಿಷಿನಲ್ಲಿ ಏನು? ಹುಣಸೂರಿನಲ್ಲಿ ಬಿ.ಎ. ಓದುತ್ತಾಳಲ್ಲ. ಫೋನು ತಿಕ್ಕಿ ತಿಕ್ಕಿ 'ಲೆಫ್ಟೋವರ್' ಅಂದಳು. ಅದು ಮಿಕ್ಕಿದ್ದು, ತಂಗಳು. 'ಸಲೈವಾ' ಅಂದಳು. ಅದು ಉಗುಳು. ಬಾಯಿ ತಾಗಿದ ಲೋಟ ಎಂಜಲು, ಕಚ್ಚಿದ ಹಣ್ಣು ಎಂಜಲು, ಉಂಡ ಎಲೆ ಎಂಜಲು. ಇಷ್ಟನ್ನೂ ಹಿಡಿಯುವ ಮಾತು ಅವರಲ್ಲಿ ಇಲ್ಲ ಅಂತ ಒಪ್ಪಿಕೊಂಡಳು.

ಆದರೆ ನಿನಗೆ ನಾನು ಕೊಡುವುದು ಬರೀ ಎಂಜಲಲ್ಲ. ಕಾಗೆ ಎಂಜಲು! ನೆನಪಿದೆಯಾ? ಕ್ಲಾಸಿನಲ್ಲಿ ಹೀಗೆ ಹೇಳು. ಇಬ್ಬರು ಹುಡುಗರು, ಒಂದೇ ಕಂಬರ್ಕಟ್ಟು. ಬೆಲ್ಲದ ಆ ಮಿಠಾಯಿ ಕಲ್ಲಿನಂಥದ್ದು, ಕೈಯಲ್ಲಿ ಮುರಿಯಲ್ಲ. ಕಚ್ಚಿ ಕೊಟ್ಟರೆ ಎಂಜಲಾಗುತ್ತೆ. ಅದಕ್ಕೆ ಅಂಗಿಯ ಚುಂಗಿನಲ್ಲಿ ಅದನ್ನು ಸುತ್ತಿ, ಬಟ್ಟೆಯ ಮೇಲಿಂದ ಕಟಕ್ ಅಂತ ಕಚ್ಚುವುದು. ಎರಡು ತುಂಡು. ಬಾಯಿ ತಾಗಲಿಲ್ಲ, ಎಂಜಲಾಗಲಿಲ್ಲ, ಕಾಗೆ ಎಂಜಲಾಯಿತು. ಇದನ್ನು ಯಾವ ಇಂಗ್ಲಿಷಿನವನು ಮಾಡಿದ್ದಾನೆ? ನಮ್ಮದು ಲಿಂಗ ಕಟ್ಟಿದವರ ಮನೆ. ಆ ಮಾಂಸ ತಿನ್ನೋ ಹುಡುಗನ ಎಂಜಲು ಮುಟ್ಟಿದರೆ ಕೈ ಮುರೀತೀನಿ ಅಂತ ನಮ್ಮವ್ವ ಅನ್ನುತ್ತಿದ್ದಳು. ಅದಕ್ಕೇ ಅಲ್ಲವಾ ಕಾಗೆ ಎಂಜಲು. ಒಂದು ಮಿಠಾಯಿಯನ್ನೂ ಬಿಡಲಿಲ್ಲ ನಾವು.

ಇದಕ್ಕಿಂತ ಒಳ್ಳೆಯ ಮಾತು ಸಿಕ್ಕರೆ ನನ್ನ ಹೆಸರು ಬದಲಾಯಿಸು. ತಕ್ಷಣ ಬರಿ.

ಚಿಕ್ಕಬಸಪ್ಪ


ಬೆಟ್ಟದಪುರ
6 ಅಕ್ಟೋಬರ್ 2024

ನೋರ್ಬು,

ಸತ್ತಿದ್ದೀಯಾ, ಇದ್ದೀಯಾ?

ಪೋಸ್ಟಾಫೀಸಿನ ರಮ್ಯಾ ನಾನು ರಸ್ತೆ ತಿರುವಿನಲ್ಲಿ ಕಂಡರೆ ಸಾಕು, ದೂರದಿಂದಲೇ ಕೈ ಆಡಿಸಿ ಇಲ್ಲ ಅಂತಾಳೆ. ಅಷ್ಟು ಒಳ್ಳೆಯ ಮಾತು ಹುಡುಕಿ ಕೊಟ್ಟೆ. ಒಂದು ಉತ್ತರಕ್ಕೆ ಗತಿ ಇಲ್ಲವಾ? ಡೋಲ್ಕರ್ ನಿನ್ನೆ ಫೋನಿನಲ್ಲಿ ಶಿವಾನಿಗೆ ಹೇಳಿದಳಂತೆ, ಅಪ್ಪ ಆರೋಗ್ಯವಾಗಿದ್ದಾರೆ, ಆದರೆ ಮಂಗಳವಾರ ಮನೆಯಲ್ಲೇ ಕೂತಿರುತ್ತಾರೆ ಅಂತ. ಮಂಗಳವಾರ ನಿನ್ನ ಕ್ಲಾಸು ಅಲ್ಲವಾ?

ನಿನಗೆ ಬಂದಿರುವುದು ಸಿಟ್ಟಲ್ಲ. ಸಿಟ್ಟಾಗಿದ್ದರೆ ಬೈದು ಬರೆಯುತ್ತಿದ್ದೆ. ಇದು ಮುನಿಸು. ಯಾಕೆ ಅಂತ ನನಗೆ ತಿಳಿಯುತ್ತಿಲ್ಲ. ತಿಳಿಯದೆ ಇರುವುದಕ್ಕೆ ನನಗೆ ಸಿಟ್ಟು ಬರುತ್ತಿದೆ. ಡಬ್ಬಿ ಕೇಳಿದ್ದಕ್ಕಾ? ಹಾಗಾದರೆ ಇಟ್ಟುಕೋ. ಇವಳಿಗೆ ಬೇರೆ ಕೊಡಿಸುತ್ತೇನೆ.

ಹೋದ ವಾರ ನಿಮ್ಮ ಕ್ಯಾಂಪಿಗೆ ಹೋಗಿದ್ದೆ. ಗೊಬ್ಬರ ಸಿಗುತ್ತಾ ಅಂತ ಕೇಳಲು. ನಿನ್ನ ಮನೆ ಮುಂದಿನ ಮೋರಿ ಕಟ್ಟೆ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಕಾಲು ನೋವಿತ್ತು. ಗೊಬ್ಬರ ಬೆಟ್ಟದಪುರದಲ್ಲೇ ಸಿಗುತ್ತಲ್ಲ ಅಂತ ಇವಳು ಪಕ್ಕದಲ್ಲಿ ನಿಂತು ಅನ್ನುತ್ತಿದ್ದಾಳೆ. ಅವಳ ಮಾತು ಬರೆಯಲ್ಲ.

ಚಿಕ್ಕಬಸಪ್ಪ


ಟೊರಾಂಟೊ
25 ಅಕ್ಟೋಬರ್ 2024

ಬಸಪ್ಪ,

ಡಬ್ಬಿ ಕೇಳಿದ್ದಕ್ಕಲ್ಲ.

ಮೊದಲು ಡಬ್ಬಿ ವಿಷಯವೇ ಮುಗಿಸುತ್ತೇನೆ. ಅದು ಇಲ್ಲೇ, ನನ್ನ ಮಂಚದ ಪಕ್ಕದಲ್ಲಿದೆ. ಕಳೆದ ತಿಂಗಳು ಕ್ಯಾಂಪಿನ ಒಬ್ಬರು ಊರಿಗೆ ಹೊರಟಿದ್ದರು, ಕಳಿಸಬಹುದಿತ್ತು. ಬಂದ ಪಾತ್ರೆ ಖಾಲಿ ತಿರುಗಿಸಬಾರದು, ಒಂದು ಚೂರು ಬೆಲ್ಲವಾದರೂ ಹಾಕಿ ಕೊಡಬೇಕು ಅಂತ ಕಲಿಸಿದವಳು ಲಕ್ಷ್ಮಿದೇವಕ್ಕ. ಇಲ್ಲಿ ಏನು ತುಂಬಲಿ? ಅಂಗಡಿಗೆ ಹೋಗುತ್ತೇನೆ, ಎಲ್ಲ ಇದೆ, ಅಕ್ಕನ ಡಬ್ಬಿಗೆ ಹಾಕುವಂಥದ್ದು ಯಾವುದೂ ಕಣ್ಣಿಗೆ ಬೀಳಲ್ಲ. ಬರಿಗೈಲಿ ಬರುತ್ತೇನೆ.

ಕ್ಲಾಸಿನಲ್ಲಿ ಮಾತಾಡುತ್ತೇನೆ ಅಂತ ಬರೆದಿದ್ದೆನಲ್ಲ, ಅದು ಸುಳ್ಳು. ಹೆಸರು ಕೇಳಿದಾಗ ನೋರ್ಬು ಅಂದದ್ದು ಬಿಟ್ಟರೆ ಬಾಯಿ ತೆರೆದಿಲ್ಲ. ನಿನ್ನ ಕಾಗದ ಬಂದ ಮೇಲೆ ಹೋಗುವುದನ್ನೂ ಬಿಟ್ಟೆ.

ಕಾಗೆ ಎಂಜಲು ನನಗೆ ಚೆನ್ನಾಗಿ ನೆನಪಿದೆ. ನಿನಗಿಂತ ಚೆನ್ನಾಗಿ. ನಮ್ಮ ಮನೆಯಲ್ಲಿ ಎಂಜಲು ಅನ್ನುವುದೇ ಇರಲಿಲ್ಲ. ಅಮ್ಮ ಕುಡಿದ ಬಟ್ಟಲಿನಲ್ಲೇ ನಾನು ಚಹಾ ಕುಡಿಯುತ್ತಿದ್ದೆ. ನೀನು ಮೊದಲ ಸಲ ಮಿಠಾಯಿಯನ್ನು ಅಂಗಿಗೆ ಸುತ್ತಿದಾಗ ಇದೇನೋ ಆಟ ಅಂದುಕೊಂಡೆ. ಆಮೇಲೆ ನಿಮ್ಮ ಸೋದರತ್ತೆ ನನಗೆ ಬೇರೆ ಲೋಟದಲ್ಲಿ ಮಜ್ಜಿಗೆ ಕೊಟ್ಟು, ಅದನ್ನು ಬೇರೆಯೇ ಬೋರಲು ಹಾಕಿದಾಗ ಅರ್ಥವಾಯಿತು. ನನ್ನ ಬಾಯಿ ಗಲೀಜು ಅಂತ ನೀನೂ ಬಟ್ಟೆ ಅಡ್ಡ ಇಡುತ್ತೀಯ ಅಂದುಕೊಂಡೆ. ಮಿಠಾಯಿ ಸಿಹಿಯಾಗಿತ್ತು, ಸುಮ್ಮನಿದ್ದೆ. ದೊಡ್ಡವರಾದ ಮೇಲೆ ನಿಮ್ಮ ಮನೆಯಲ್ಲೇ ಒಂದೇ ಸಾಲಿನಲ್ಲಿ ಕೂತು ಉಂಡೆವು, ಮರೆತೆ. ಈಗ ನಿನ್ನ ಕಾಗದದಲ್ಲಿ, "ಅದಕ್ಕೇ ಅಲ್ಲವಾ ಕಾಗೆ ಎಂಜಲು" ಅಂತ ನೀನೇ ಬರೆದೆ.

ಅದನ್ನು ನಾನು ಕ್ಲಾಸಿನಲ್ಲಿ ಏನಂತ ಹೇಳಲಿ? ನನ್ನ ಸ್ನೇಹಿತನಿಗೆ ನನ್ನ ಬಾಯಿ ಬೇಡವಾಗಿತ್ತು, ಅದಕ್ಕೆ ಅವನ ಊರಿನಲ್ಲಿ ಒಂದು ಚೆಂದದ ಮಾತಿದೆ ಅಂತ ಹೇಳಲಾ?

ಬೇರೆ ಮಾತು ಹುಡುಕಬೇಡ. ನನಗೆ ಯಾವ ಮಾತೂ ಬೇಡ.

ನೋರ್ಬು


ಹುಣಸೂರು ಪೋಸ್ಟಾಫೀಸು
14 ನವೆಂಬರ್ 2024

ಲೋ ದಡ್ಡ ನನ್ಮಗನೆ,

ಬೆಂಚಿನ ಮೇಲೆ ಕೂತು, ಇಲ್ಲಿಯ ಅಂಟು ಅಂಟು ಮೇಜಿನ ಮೇಲೆ ಬರೆಯುತ್ತಿದ್ದೇನೆ. ಇವತ್ತು ನಮ್ಮ ಹೊಗೆಸೊಪ್ಪಿನ ಹರಾಜು. ಮಗ ಸೋಮಶೇಖರ ಒಬ್ಬನೇ ಹೋಗಿದ್ದಾನೆ. ನಾನಿಲ್ಲದೆ ಅವನು ಸೊಪ್ಪಿನ ಮೂಟೆ ಮುಂದೆ ಬೊಂಬೆಯ ಹಾಗೆ ನಿಂತಿರುತ್ತಾನೆ, ರೇಟು ಬಿದ್ದು ಹೋಗುತ್ತೆ, ಹೋಗಲಿ. ಸ್ಪೀಡ್ ಪೋಸ್ಟ್ ಮಾಡಿದರೆ ನಿನ್ನ ಕೊನೆಯ ಕ್ಲಾಸಿಗೆ ಮೊದಲೇ ಸೇರುತ್ತೆ ಅಂತ ರಮ್ಯಾ ಹೇಳಿದಳು. ಬೆಳಗಿನ ಮೊದಲ ಬಸ್ಸಿಗೆ ಬಂದೆ.

ನಿನಗೆ ಒಂದೇ ಒಂದು ಪ್ರಶ್ನೆ. ಕಚ್ಚುತ್ತಿದ್ದವನು ಯಾರು?

ಕಣ್ಣು ಮುಚ್ಚಿ ನೆನಪು ಮಾಡಿಕೋ. ಅಟ್ಟಣೆ. ಕೆಳಗೆ ಜೋಳ. ಕಂಬರ್ಕಟ್ಟು ಯಾರ ಬಾಯಲ್ಲಿ ಮುರಿಯಿತು? ನನ್ನ ಬಾಯಲ್ಲಿ. ಪ್ರತಿ ಸಲವೂ. ಅಂಗಿ ಯಾರದ್ದು? ನನ್ನದು. ಚುಂಗಿನಲ್ಲೆಲ್ಲ ತೂತು ಬಿದ್ದು, ಬೆಲ್ಲ ಅಂಟಿ, ಇರುವೆ ಹತ್ತಿ, ನಮ್ಮವ್ವನ ಕೈಲಿ ಒದೆ ತಿಂದವನು ನಾನು. ನಾನು ಕಚ್ಚಿದರೆ ಅದು ಯಾರ ಎಂಜಲಾಗುತ್ತೆ? ಕಚ್ಚಿದವನದು. ಬಟ್ಟೆ ಅಡ್ಡ ಇದ್ದದ್ದು ನಿನ್ನ ಬಾಯಿಗಲ್ಲ ಕಣೋ, ನನ್ನ ಬಾಯಿಗೆ!

ನಿನ್ನ ಎಂಜಲು ತಿನ್ನಬೇಡ ಅಂತ ನಮ್ಮವ್ವ ಹೇಳಿದ್ದು ನಿಜ. ಸೋದರತ್ತೆ ಲೋಟ ಬೇರೆ ಇಟ್ಟದ್ದೂ ನಿಜ. ಅದನ್ನು ನಾನು ಮುಚ್ಚಿಡಲ್ಲ. ಅವ್ವನ ಮಾತು ಉಳಿಯಕ್ಕೆ ನಾನೇ ಕಚ್ಚಿದರೆ ಸಾಕಾಗಿತ್ತು, ಅಂಗಿ ಬೇಕಾಗಿರಲಿಲ್ಲ. ಬರೀ ಬಾಯಲ್ಲಿ ಕಚ್ಚಿ, ಅರ್ಧ ಉಗಿದು, ತಗೋ ಅಂತ ನಿನ್ನ ಕೈಗೆ ಹಾಕಬಹುದಿತ್ತು. ಕ್ಯಾಂಪಿನ ಹುಡುಗ ತಾನೇ, ತಿನ್ನುತ್ತಾನೆ ಅಂತ. ಹಾಗೆ ಕೊಟ್ಟ ಹುಡುಗರೂ ಇದ್ದರು, ನಿನಗೂ ಗೊತ್ತು. ಇನ್ನೊಬ್ಬರಿಗೆ ನಮ್ಮ ಎಂಜಲು ತಿನ್ನಿಸುವುದು ಅಂದರೆ ನಮ್ಮ ಕಡೆ ಏನು ಅಂತ ನಿನಗೆ ಗೊತ್ತಿಲ್ಲದೆ ಇರಬಹುದು. ಅದು ಅವನನ್ನು ಕೆಳಗೆ ಇಟ್ಟ ಹಾಗೆ. ನನ್ನ ಎಂಜಲು ನಿನಗೆ ಕೊಡಬಾರದು ಅಂತ ನನಗೆ ಯಾರೂ ಹೇಳಿಕೊಡಲಿಲ್ಲ, ನೋರ್ಬು. ಅದು ನಾನೇ ಮಾಡಿದ್ದು.

ಕಾಗದದಲ್ಲಿ 'ಅದಕ್ಕೇ' ಅಂತ ಬರೆದೆ. ಬಾಯಲ್ಲಿ ಆಡುವ ಹಾಗೆ ಬರೆದುಬಿಟ್ಟೆ. ನೀನು ಎದುರಿಗಿದ್ದಿದ್ದರೆ ಅಲ್ಲೇ ಮುಖ ಊದಿಸುತ್ತಿದ್ದೆ, ನಾನು ಅಲ್ಲೇ ಬೈದು ಬಿಡಿಸಿ ಹೇಳುತ್ತಿದ್ದೆ, ಒಂದು ಟೀ ಆರುವಷ್ಟರಲ್ಲಿ ಮುಗಿಯುತ್ತಿತ್ತು. ನೀನು ಹೋಗಿ ಮಂಜಿನ ಮೇಲೆ ಕೂತಿದ್ದೀಯ. ಒಂದು ಮುನಿಸಿಗೆ ಮೂರು ತಿಂಗಳು ಹಿಡಿಯಿತು.

ಈಗ ಕ್ಲಾಸಿಗೆ ಹೋಗು. ಎದ್ದು ನಿಲ್ಲು. ಇಂಗ್ಲಿಷು ಬರದಿದ್ದರೆ ಬಾಯಲ್ಲಿ ಹೇಳಬೇಡ, ಮಾಡಿ ತೋರಿಸು. ಆದರೆ ಒಂದು ಮಾತು. ಇಷ್ಟು ವರ್ಷ ಬರೀ ನಾನೇ ಕಚ್ಚಿದ್ದು. ಈ ಸಲ ನೀನು ಕಚ್ಚು.

ಪೋಸ್ಟಾಫೀಸಿನವರು ಊಟಕ್ಕೆ ಏಳುತ್ತಿದ್ದಾರೆ. ನನಗೆ ರೇಗುವ ಮೊದಲು ಇದನ್ನು ಕೊಡುತ್ತೇನೆ.

ಚಿಕ್ಕಬಸಪ್ಪ


ಟೊರಾಂಟೊ
20 ಡಿಸೆಂಬರ್ 2024

ಪ್ರೀತಿಯ ಬಸಪ್ಪ,

ಕಚ್ಚಿದೆ!

ನಿನ್ನ ಕಾಗದ ಬಂದ ದಿನ ಕಣ್ಣು ಮುಚ್ಚಿಕೊಂಡು ಅಟ್ಟಣೆ ಮೇಲೆ ಹೋಗಿ ಕೂತೆ. ನಿನ್ನ ಅಂಗಿ ಕಾಣಿಸಿತು. ಚುಂಗಿನ ತೂತುಗಳೂ ಕಂಡವು. ಆ ತೂತುಗಳನ್ನು ನಾನು ಯಾವಾಗಲೂ ನೋಡಿದ್ದೆ, ಆದರೆ ಯಾವತ್ತೂ ಯೋಚಿಸಿರಲಿಲ್ಲ. ಡೋಲ್ಕರ್‌ಗೆ ಓದಿ ಹೇಳಿದೆ. ಅವಳು, "ಅಪ್ಪಾ, ನೀವು ಇಷ್ಟು ವರ್ಷ ಅವರನ್ನು ಒಂದು ಮಾತು ಕೇಳಬಾರದಿತ್ತಾ?" ಅಂದಳು. ಕೇಳಿದ್ದರೆ ಏನಾಗುತ್ತಿತ್ತು? ನೀನು ತಲೆಗೆ ಮೊಟಕುತ್ತಿದ್ದೆ.

ಈಗ ಮಂಗಳವಾರದ ಕಥೆ ಕೇಳು. ಇಲ್ಲಿ ಮೇಪಲ್ ಅನ್ನುವ ಮರದ ಹಾಲಿನಿಂದ ಮಿಠಾಯಿ ಮಾಡುತ್ತಾರೆ. ಬೆಲ್ಲದ ಬಣ್ಣ, ಕಂಬರ್ಕಟ್ಟಿನ ಹಾಗೇ ಕಲ್ಲು. ಅಂಗಡಿಯಲ್ಲಿ ಅದು ಎಷ್ಟು ತಿಂಗಳಿಂದ ನನ್ನ ಎದುರಿಗೇ ಇತ್ತೋ! ಅಕ್ಕನ ಡಬ್ಬಿ ತುಂಬ ತುಂಬಿಸಿಕೊಂಡು ಕ್ಲಾಸಿಗೆ ಹೋದೆ. ನನ್ನ ಹೆಸರು ಕೂಗಿದಾಗ ಎದ್ದು ಮುಂದೆ ಹೋದೆ. ಹಲಗೆಯ ಮೇಲೆ ಕನ್ನಡದಲ್ಲಿ 'ಕಾಗೆ ಎಂಜಲು' ಅಂತ ಬರೆದೆ. ನೀನು ತಿದ್ದಿಸಿದ ಅಕ್ಷರವೇ, ದುಂಡಗೆ ಬಂತು. ನಮ್ಮವರು ನಾಲ್ಕು ಜನ ಇದು ಯಾವ ಟಿಬೆಟ್ಟು ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮೊದಲು ಇಂಗ್ಲಿಷಿನಲ್ಲಿ ಹೇಳಿದ್ದು ಎರಡೇ ಮಾತು: ಟೂ ಬಾಯ್ಸ್. ಒನ್ ಸ್ವೀಟ್.

ಆಮೇಲೆ ಅಂಗಿಯ ಚುಂಗು ಎಳೆದು, ಮಿಠಾಯಿ ಸುತ್ತಿ, ಕಚ್ಚಿದೆ. ಮುರಿಯಲಿಲ್ಲ! ಮುಂದಿನ ಹಲ್ಲು ಕಟ್ಟಿಸಿದ್ದು, ಅದು ಅಲ್ಲಾಡಿತು. ದವಡೆಗೆ ಹಾಕಿ ಇನ್ನೊಂದು ಸಲ ಕಚ್ಚಿದೆ. ಇಡೀ ಕ್ಲಾಸು ಉಸಿರು ಹಿಡಿದು ಕೂತಿದೆ. ಅಂಗಿ ಬಾಯಲ್ಲಿ, ಹೊಟ್ಟೆ ಹೊರಗೆ. ಮೂರನೇ ಸಲಕ್ಕೆ ಕಟಕ್ ಅಂತು. ಇರಾನಿನ ಕ್ಷೌರಿಕ ಎದ್ದು ನಿಂತು ಚಪ್ಪಾಳೆ ಹೊಡೆದ. ಅರ್ಧ ಲೂಸ್‌ಗೆ ಕೊಟ್ಟೆ. ಮೈ ಮೌತ್, ನಾಟ್ ಯುವರ್ ಮೌತ್ ಅಂತ ಹೇಳಿ ಬಟ್ಟೆ ತೋರಿಸಿದೆ. ಅವಳಿಗೆ ತಕ್ಷಣ ಅರ್ಥವಾಯಿತು. ಕೆನ್ನೆ ಉಬ್ಬಿಸಿಕೊಂಡು ತಿನ್ನುತ್ತಾ ಕಣ್ಣು ಒರೆಸಿಕೊಂಡಳು. ಕ್ಷೌರಿಕ ತನಗೆ ಬೇಡ ಬೇಡ ಅಂದ. ಬಲವಂತ ಮಾಡಿದೆ, ಎರಡು ತೆಗೆದುಕೊಂಡ.

ಆಮೇಲೆ ಯಾರನ್ನೂ ತಡೆಯಕ್ಕೆ ಆಗಲಿಲ್ಲ. ಒಬ್ಬರು ಕುತ್ತಿಗೆಯ ಉಣ್ಣೆ ಬಟ್ಟೆಯಲ್ಲಿ, ಒಬ್ಬರು ಸ್ವೆಟರಿನ ತೋಳಿನಲ್ಲಿ, ಎಲ್ಲರೂ ಕಟಕ್ ಕಟಕ್. ಉಣ್ಣೆ ಬಾಯಿಗೆ ಬಂದು ಉಗುಳುವವರು, ಹಲ್ಲು ಹಿಡಿದುಕೊಂಡು ನಗುವವರು. ಕೈ ತೊಳೆಯದೆ ಬಿಸ್ಕತ್ತು ಮುಟ್ಟಬೇಡಿ ಅನ್ನುವ ಹೆಲೆನ್ ತನ್ನ ರೇಷ್ಮೆ ಸ್ಕಾರ್ಫ್ ಬಿಚ್ಚಿ, ಕಚ್ಚಿ, ಅರ್ಧ ನನಗೆ ಕೊಟ್ಟಳು. ಯಾಕೆ ಕಾಗೆ ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಕಾಗೆ ಒಂದು ಅಗುಳು ಕಂಡರೂ ಕೂಗಿ ತನ್ನವರನ್ನು ಕರೆಯುತ್ತಲ್ಲ, ಅದಕ್ಕೆ ಇರಬೇಕು ಅಂದೆ. ತಪ್ಪಾಗಿದ್ದರೆ ಬೈದು ಬರಿ.

ಎಲ್ಲ ಮುಗಿದ ಮೇಲೆ ಹಿಂದಿನ ಬೆಂಚಿನ ನಮ್ಮ ಟಿಬೆಟ್ಟಿನ ಒಬ್ಬ ಅಜ್ಜಿ ಬಂದಳು. ವರ್ಷದಿಂದ ಒಂದೇ ಕೋಣೆಯಲ್ಲಿ ಕೂತಿದ್ದೇವೆ. "ಏನ್ರೀ, ನಿಮಗ ಕನ್ನಡ ಬರ್ತದಂತ ಹೇಳಬಾರದಾ?" ಅಂದಳು. ಮುಂಡಗೋಡಿನ ಕ್ಯಾಂಪಿನವಳಂತೆ! "ನಮ್ಮ ಕಡೆ ಇದಕ್ಕ ಗುಬ್ಬಿ ಎಂಜಲಾ ಅಂತಾರ್ರೀ" ಅಂತ ನನ್ನ ಜೊತೆ ಜಗಳಕ್ಕೇ ನಿಂತಳು. ಮನೆಗೆ ಬರುವ ಬಸ್ಸಿನಲ್ಲಿ ಇಳಿಯುವವರೆಗೂ ಕಾಗೆಯೋ ಗುಬ್ಬಿಯೋ ಅಂತ ವಾದ. ಬಾಯಿ ತುಂಬ ಜಗಳ ಆಡಿ ಎಷ್ಟು ದಿನವಾಗಿತ್ತು, ಬಸಪ್ಪ!

ನಮ್ಮ ಹೊಸ ವರ್ಷದ ಲೋಸರ್ ಹಬ್ಬಕ್ಕೆ ಡೋಲ್ಕರ್ ಕ್ಯಾಂಪಿಗೆ ಬರುತ್ತಾಳೆ. ಡಬ್ಬಿ ಅವಳ ಕೈಯಲ್ಲಿ ಕಳಿಸುತ್ತೇನೆ. ಖಾಲಿ ಅಲ್ಲ. ಮೇಲಿರುವುದು ನಿನ್ನದು, ಕೆಳಗಿರುವುದೆಲ್ಲ ಅಕ್ಕನದು.

ನೋರ್ಬು


ಬೆಟ್ಟದಪುರ
5 ಮಾರ್ಚ್ 2025

ನೋರ್ಬುಗೆ,

ಡಬ್ಬಿ ಬಂತು. ಇವಳು ಮುಚ್ಚಳದ ಮೇಲಿನ ಹೆಸರನ್ನು ಸೆರಗಿನಲ್ಲಿ ಒರೆಸಿ ಒರೆಸಿ ನೋಡಿ, "ಒಂದ್ ಗೆರೆನೂ ಬಿದ್ದಿಲ್ಲ, ಪಾಪ, ಜ್ವಾಪಾನವಾಗಿಟ್ಕೊಂಡವ್ರೆ" ಅಂದಳು. ಇಷ್ಟು ದಿನ ಕಳ್ಳನಾಗಿದ್ದವನು ಒಂದು ನಿಮಿಷದಲ್ಲಿ ಪಾಪ ಆಗಿಬಿಟ್ಟೆ. ನಾನು ಅವಳ ಜೊತೆ ಇಷ್ಟು ವರ್ಷ ಇದ್ದೇನೆ, ನನಗೆ ಒಂದು ದಿನ ಪಾಪ ಅಂದಿಲ್ಲ.

ಮೇಲೆ ಬಟ್ಟೆಯ ಗಂಟು ಇತ್ತು. ಬಿಚ್ಚುವ ಮೊದಲೇ ಬಟ್ಟೆಯ ಗುರುತು ಸಿಕ್ಕಿತು. ಸೋಮಶೇಖರನ ಮದುವೆಗೆ ನಾವಿಬ್ಬರೂ ಒಂದೇ ತಾನಿನಲ್ಲಿ ಹೊಲಿಸಿದ ಚೌಕಳಿ ಅಂಗಿ. ಅದರ ಚುಂಗು ಕತ್ತರಿಸಿ ಕಳಿಸಿದ್ದೀಯಲ್ಲ, ನಿನಗೆ ಬುದ್ಧಿ ಇದೆಯಾ? ನನ್ನದು ಇನ್ನೂ ಪೆಟ್ಟಿಗೆಯಲ್ಲಿ ಗಟ್ಟಿಯಾಗಿದೆ. ಒಳಗೆ ಅರ್ಧ ಮಿಠಾಯಿ. ಹಲ್ಲಿನ ಗುರುತು ಸೊಟ್ಟಗೆ, ನಿನ್ನ ಕಟ್ಟಿಸಿದ ಹಲ್ಲಿನದೇ.

ಡೋಲ್ಕರ್, ಶಿವಾನಿ, ಇವಳು, ಮೂವರೂ ಸುತ್ತ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. "ಏನ್ ಜಾತ್ರೆನಾ? ಓಗ್ರಿ ಆ ಕಡೆ" ಅಂತ ರೇಗಿದೆ. ಯಾರೂ ಹೋಗಲಿಲ್ಲ. ತಿಂದೆ. ಕಂಬರ್ಕಟ್ಟಿನಷ್ಟು ಸಿಹಿ ಇಲ್ಲ. ನಿನ್ನ ಅಂಗಿಯ ಒಂದು ನೂಲು ನನ್ನ ದವಡೆ ಹಲ್ಲಿಗೆ ಸಿಕ್ಕಿಕೊಂಡು ಸಾಯಂಕಾಲದವರೆಗೂ ಬರಲಿಲ್ಲ. ಇವಳು ಕಡ್ಡಿ ಕೊಡಲಾ ಅಂದಳು. ಬೇಡ, ಇರಲಿ ಅಂದೆ.

ಕಾಗೆಯ ವಿಷಯ ನೀನು ಹೇಳಿದ್ದು ಸರಿ. ಸರಿ ಅಂತ ಒಪ್ಪಿದ್ದಕ್ಕೆ ಜಂಬಪಡಬೇಡ. ಆದರೆ ಆ ಮುಂಡಗೋಡಿನ ಅಜ್ಜಿಗೆ ಹೇಳು, ಗುಬ್ಬಿಯ ಬಾಯಿಗೆ ಕಂಬರ್ಕಟ್ಟು ಹಿಡಿಸಲ್ಲ. ಕಾಗೆಯೇ. ಈ ವಿಷಯದಲ್ಲಿ ನೀನು ಸೋತುಬಂದರೆ ನನಗೆ ಮುಖ ತೋರಿಸಬೇಡ.

ಡಬ್ಬಿಯನ್ನು ಇವಳು ಇಟ್ಟುಕೊಳ್ಳುತ್ತಾಳೆ ಅಂದುಕೊಂಡೆ. ನೋಡಿದರೆ ನಿನ್ನೆಯಿಂದ ಹೂರಣ ರುಬ್ಬುತ್ತಿದ್ದಾಳೆ. ಒಬ್ಬಟ್ಟು ತುಂಬಿ ಡೋಲ್ಕರ್ ಕೈಗೆ ಕೊಡುತ್ತಾಳಂತೆ. ಡಬ್ಬಿ ತಿರುಗಿ ಬರಬೇಕಲ್ಲ ಅಂದೆ. "ಅದ್ಕೇ ಕಣ್ರೀ ಕೊಡೋದು" ಅಂದಳು. ಇನ್ನೊಬ್ಬರ ಕೈಯಲ್ಲಿ ಕಳಿಸಿದರೆ ಈ ಸಲ ತೆಗೆದುಕೊಳ್ಳಲ್ಲವಂತೆ. ನೀನೇ ಹೊತ್ತು ತರಬೇಕಂತೆ. ಮುಂಗಾರಿಗೆ ಉಳುವಾಗ ಬಂದರೆ ನನಗೂ ಬೈಯಲು ಒಬ್ಬ ಇರುತ್ತಾನೆ.

ಒಬ್ಬಟ್ಟಿನ ಮೇಲೆ ಒಂದು ಕಾಗದದ ಪೊಟ್ಟಣ ಇಟ್ಟಿದ್ದೇನೆ. ಕಂಬರ್ಕಟ್ಟು, ಅರ್ಧ. ಇನ್ನರ್ಧ ನಾನು ತಿಂದೆ. ಅಂಗಿಗೆ ಸುತ್ತಿಲ್ಲ, ಬರೀ ಬಾಯಲ್ಲಿ ಕಚ್ಚಿದ್ದು. ಈ ವಯಸ್ಸಿನಲ್ಲಿ ನನ್ನ ನಿನ್ನ ಮಧ್ಯೆ ಎಂಥಾ ಬಟ್ಟೆ? ಪೂರ್ತಿ ಎಂಜಲು. ತಿನ್ನು.

ಚಿಕ್ಕಬಸಪ್ಪ